ಹಿತ್ತಲಿನ ಮೊಟ್ಟೆಯಿಡದ ಮಹನೀಯರಿಗೆ

ನಾಲ್ವರು ಹೆಣ್ಣು ಬಾತುಕೋಳಿಗಳು ಹಾಗೂ ಅವರ ಯಜಮಾನರು,
ನೀರಿನ ತೊಟ್ಟಿಯ ಪಕ್ಕ,
ನಮ್ಮ ಹಿತ್ತಲು.

ಮಾನ್ಯರೇ,

ಮಿಕ್ಸಿ, ಫ್ಯಾನು ಮತ್ತು ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನೂ ತಮ್ಮ ಅನ್ನದಾತನೂ ಆದ ನಾನು ತಮಗೆ ತಲೆಬಾಗಿ ಮಾಡುವ ನಮಸ್ಕಾರಗಳು. ಇತ್ತ ನಾನು ಅಷ್ಟೇನೂ ಕ್ಷೇಮವಾಗಿಲ್ಲ. ಅತ್ತ ತಾವು ಅಗತ್ಯಕ್ಕಿಂತ ಹೆಚ್ಚೇ ಕ್ಷೇಮವಾಗಿರುವುದನ್ನು ಅಡುಗೆಮನೆಯ ಕಿಟಕಿಯಿಂದ ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಆ ಬಗ್ಗೆ ವಿಚಾರಿಸುವ ಪ್ರಮೇಯ ಬರಲಿಲ್ಲ. ತಾವು ನಮ್ಮ ಮನೆಗೆ ದಯಮಾಡಿಸಿ ಇಂದಿಗೆ ಮೂರು ತಿಂಗಳು ತುಂಬಿತು. ಈ ಅವಧಿಯಲ್ಲಿ ಒಂದೇ ಒಂದು ಮೊಟ್ಟೆಯನ್ನೂ ಇಡದೆ ತಾವು ತೋರಿರುವ ಸಂಯಮವನ್ನು ಮೊದಲು ಅಭಿನಂದಿಸಿ, ಆಮೇಲೆ ನನ್ನ ದೂರನ್ನು ತಮ್ಮ ಪಾದಗಳ ಬಳಿ ಇಡುತ್ತೇನೆ. ತಮ್ಮ ಪಾದಗಳು ಅಗಲವಾಗಿರುವುದರಿಂದ ಜಾಗಕ್ಕೆ ತೊಂದರೆಯಾಗದು.

ತಮಗೆ ತಿಳಿಯದ ಒಂದು ಹಿನ್ನೆಲೆಯಿದೆ. ತಾವು ಬರುವ ಮೊದಲು ಈ ಹಿತ್ತಲಿನಲ್ಲಿ ನನ್ನ ಹೆಂಡತಿ ಮರಿಯಿಂದ ಸಾಕಿದ ಏಳು ಕೋಳಿಗಳಿದ್ದವು. ಅವು ತಮ್ಮಷ್ಟು ಠೀವಿಯವಲ್ಲ. ಮೊಟ್ಟೆ ಇಡುವುದು, ಕೆರೆಯುವುದು, ಮತ್ತೆ ಮೊಟ್ಟೆ ಇಡುವುದು, ಇಷ್ಟೇ ಅವುಗಳಿಗೆ ಗೊತ್ತಿದ್ದದ್ದು. ಮಾರುಕಟ್ಟೆಯಲ್ಲಿ ತಮ್ಮನ್ನು ಮಾರುತ್ತಿದ್ದವನು "ಬಾತಿನ ಮೊಟ್ಟೆ ಅಂದ್ರೆ ಕೋಳಿ ಮೊಟ್ಟೆಗೆ ಅಪ್ಪ ಇದ್ದ ಹಾಗೆ ಸಾರ್" ಎಂದದ್ದನ್ನು ನಂಬಿ, ತಮ್ಮೈವರನ್ನೂ ಕರೆತಂದು, ಜಾಗ ಸಾಲದೆಂದು ಆ ಏಳನ್ನೂ ಹಿಂದಿನ ಬೀದಿಯಲ್ಲಿರುವ ನನ್ನ ತಂಗಿಯ ಮನೆಗೆ ಸಾಗಿಸಿಬಿಟ್ಟೆ. ಹೆಂಡತಿ ಆಗ ತವರಿಗೆ ಹೋಗಿದ್ದಳು. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನನಗೂ ಗೊತ್ತು. ಕೋಳಿಯ ಒಡತಿಯನ್ನು ಕೇಳಬೇಕೆಂದು ಆ ಗಾದೆಯಲ್ಲಿ ಎಲ್ಲಿಯೂ ಹೇಳಿಲ್ಲ. ವಾಪಸು ಬಂದ ಆಕೆ ಗೂಡಿನೊಳಗೆ ಬಗ್ಗಿ ತಮ್ಮನ್ನು ನೋಡಿ, "ನಾದಿನಿ ಮನೆಗಾ? ಒಳ್ಳೇದಾಯ್ತು ಬಿಡಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಜಗಳವಾಡಲಿಲ್ಲ. ತಮ್ಮ ಮುಖ ನೋಡಿಯೇ ಸುಮ್ಮನಾದಳೆಂದು ನಾನು ತಿಳಿದುಕೊಂಡಿದ್ದೇನೆ.

ಇನ್ನು ದೂರು. ಕೆಟ್ಟು ನಿಂತ ವಸ್ತುವೆಂದರೆ ನನಗೆ ಅಂಜಿಕೆಯಿಲ್ಲ. ಇಪ್ಪತ್ತೆರಡು ವರ್ಷದಿಂದ ನನ್ನ ಅಂಗಡಿಗೆ ಬಂದ ಯಾವ ಮಿಕ್ಸಿಯೂ ತನ್ನ ಕಾಯಿಲೆಯನ್ನು ನನ್ನಿಂದ ಮುಚ್ಚಿಟ್ಟಿಲ್ಲ. ಮೊದಲು ಪ್ಲಗ್ಗು, ಆಮೇಲೆ ವೈರು, ಆಮೇಲೆ ಸ್ವಿಚ್ಚು, ಅದೂ ಸರಿಯಿದ್ದರೆ ತಿರುಪು ಬಿಚ್ಚಿ ಒಳಗೆ ನೋಡುವುದು ನಮ್ಮ ಕ್ರಮ. ತಮ್ಮ ಮೈಮೇಲೆ ತಿರುಪುಗಳಿಲ್ಲದ ಕಾರಣ ಹೊರಗಿನಿಂದಲೇ ಎಲ್ಲವನ್ನೂ ಮಾಡಬೇಕಾಯಿತು. ತಿನ್ನುವುದು ಸಾಲದೇನೋ ಎಂದು ಕಾಳು ಹೆಚ್ಚಿಸಿದೆ, ತಿಂದಿರಿ. ಕೊಬ್ಬು ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದೆ, ನನ್ನ ಪ್ಯಾಂಟಿನ ಅಂಚು ತಿಂದಿರಿ. ಸುಣ್ಣದಂಶ ಬೇಕೆಂದು ಕಪ್ಪೆಚಿಪ್ಪು ಕುಟ್ಟಿ ಇಟ್ಟರೆ ಅದರ ಮೇಲೆ ಮಲಗಿದಿರಿ. ಹಗಲು ಚಿಕ್ಕದಾದರೆ ಬಾತುಗಳು ಮೊಟ್ಟೆ ನಿಲ್ಲಿಸುತ್ತವೆಂದು ಕೇಳಿ, ಹಳೆಯ ವಾಷಿಂಗ್ ಮೆಷಿನ್ನಿನ ಟೈಮರು ಕಿತ್ತು ತಮ್ಮ ಗೂಡಿಗೊಂದು ದೀಪ ಜೋಡಿಸಿದೆ. ಅದು ಆರುವಾಗಲೆಲ್ಲ ಬಟ್ಟೆ ಒಗೆದು ಮುಗಿಯಿತೆಂದು ಐದು ಸಲ ಕೂಗುವುದರಿಂದ ಪಕ್ಕದ ಮನೆಯವರು ಇಲ್ಲದ ಬಟ್ಟೆ ತೆಗೆಯಲು ಎದ್ದೆದ್ದು ಬರುತ್ತಿದ್ದಾರೆ.

ಕೊನೆಗೆ ಬಡಗಿಯಿಂದ ಒಂದು ಮರದ ಮೊಟ್ಟೆ ಮಾಡಿಸಿ, ಬಿಳಿ ಬಣ್ಣ ಬಳಿದು, ನೋಡಿಯಾದರೂ ಕಲಿಯಲಿ ಎಂದು ತಮ್ಮ ಗೂಡಿನಲ್ಲಿಟ್ಟೆ. ನಾನೇ ಇಟ್ಟದ್ದನ್ನು ಮರೆತು ಮಾರನೆಯ ಬೆಳಿಗ್ಗೆ "ಇಟ್ಟಿತು! ಇಟ್ಟೇಬಿಟ್ಟಿತು!" ಎಂದು ಕೂಗುತ್ತ ಅದನ್ನು ಅಡುಗೆಮನೆಗೆ ಒಯ್ದವನೂ ನಾನೇ. ಹೆಂಡತಿ ಅದನ್ನು ಅರ್ಧ ಗಂಟೆ ಬೇಯಿಸಿ, ಉಪ್ಪು ಮೆಣಸು ಉದುರಿಸಿ, ತಟ್ಟೆಯಲ್ಲಿಟ್ಟು ಕೊಟ್ಟಳು.

ಪಶುವೈದ್ಯರೂ ಬಂದು ಹೋದರು. "ಜೋರಾಗಿ ಕಿರುಚೋದು ಹೆಣ್ಣು, ಗಂಟಲು ಕೂತ ಹಾಗೆ ಪಿಸುಗುಟ್ಟೋದು ಗಂಡು" ಎಂದು ವಿವರಿಸಿದರು; ಇದಕ್ಕೆ ನಾನು ಅವರಿಗೆ ಫೀಸು ಕೊಡಬೇಕಿರಲಿಲ್ಲ, ಮದುವೆಯಾದವರಿಗೆಲ್ಲ ಗೊತ್ತಿರುವ ವಿಷಯ. ಆಮೇಲೆ ತಮ್ಮ ಹೊಟ್ಟೆಯನ್ನು ಒತ್ತಿ ನೋಡಿ, "ಏನೂ ತೊಂದರೆ ಇಲ್ಲವಲ್ಲ, ಇಡೋ ಬಾತುಗಳೇ ಇವು" ಎಂದರು. ಅವರ ವಿದ್ಯೆಯ ಬಗ್ಗೆ ನನಗಿದ್ದ ಗೌರವ ಅಂದೇ ಮುಗಿಯಿತು.

ಇಷ್ಟೆಲ್ಲದರ ನಡುವೆ ನನ್ನ ಹೆಂಡತಿ ತಮಗೆ ಮಾಡುತ್ತಿರುವ ಸೇವೆಯನ್ನಾದರೂ ತಾವು ನೆನೆಯಬೇಡವೇ? ನಾನು ಏಳುವುದು ಏಳು ಗಂಟೆಗೆ. ಆಕೆ ನಸುಕಿನಲ್ಲೇ ಎದ್ದು, ಗೂಡಿನ ಬಾಗಿಲು ತೆಗೆದು, ಹುಲ್ಲು ಬದಲಿಸಿ, ನೀರು ತುಂಬಿ, ಆಮೇಲೆ ಕೈಚೀಲ ಹಿಡಿದು ಒಂದು ಸುತ್ತು ತಿರುಗಾಡಿಕೊಂಡು ಬಂದಿರುತ್ತಾಳೆ. ತವರಿನಿಂದ ಬಂದಾಗಿನಿಂದ ಒಂದು ದಿನವೂ ತಪ್ಪಿಸಿಲ್ಲ.

ವಿಷಯ ಕೈಮೀರಿದ್ದು ಕಳೆದ ವಾರ. ನನ್ನ ತಂಗಿ ಬಂದವಳು ಹಿತ್ತಲ ಬಾಗಿಲಲ್ಲಿ ನಿಂತು, "ಅಣ್ಣಾ, ನಿನ್ನ ಬಾತು ಬರೀ ಮಾತು" ಎಂದು ನಕ್ಕಳು. ನನ್ನ ಹೆಂಡತಿಯೂ ನಕ್ಕಳು. ಅತ್ತಿಗೆ ನಾದಿನಿಯರು ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಸಿಟ್ಟು ನೆತ್ತಿಗೇರಿ, ಈ ಭಾನುವಾರದೊಳಗೆ ಒಂದು ಮೊಟ್ಟೆ ಕಾಣದಿದ್ದರೆ ಐದನ್ನೂ ಬಸ್ ನಿಲ್ದಾಣದ ಹೋಟೆಲಿನ ಅಡುಗೆಯವನಿಗೆ ಕೊಟ್ಟುಬಿಡುತ್ತೇನೆಂದು ಅವರಿಬ್ಬರ ಮುಂದೆ ಶಪಥ ಮಾಡಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಅಡುಗೆಯವನು ಮೊನ್ನೆ ಬಂದು, ತಮ್ಮಲ್ಲಿ ಕೊಂಚ ಕುಂಟುವ ಒಬ್ಬರನ್ನು ಎತ್ತಿ ತೊಡೆ ಹಿಚುಕಿ, "ಚೆನ್ನಾಗಿ ಸಾಕಿದ್ದೀರಿ" ಎಂದು ಹೊಗಳಿ ಹೋದ. ಅವತ್ತು ನನಗೆ ಊಟ ಸೇರಲಿಲ್ಲ. ನಿಜ ಹೇಳುತ್ತೇನೆ, ಸಂಜೆ ಅಂಗಡಿ ಮುಚ್ಚಿ ಬಂದಾಗ ತಾವೈವರೂ ಸಾಲಾಗಿ ಗೇಟಿನವರೆಗೆ ಓಡಿಬಂದು ಬೈಯುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈ ಮನೆಯಲ್ಲಿ ನಾನು ಬಂದದ್ದನ್ನು ಗಮನಿಸುವವರು ತಾವೈವರೇ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ಭಾನುವಾರದೊಳಗೆ ತಮ್ಮಲ್ಲಿ ಯಾರಾದರೊಬ್ಬರು ದೊಡ್ಡ ಮನಸ್ಸು ಮಾಡಿ ಒಂದು ಮೊಟ್ಟೆ ದಯಪಾಲಿಸಬೇಕು. ಚಿಪ್ಪು ತೆಳುವಾದರೂ ಆದೀತು, ಚಿಪ್ಪೇ ಇಲ್ಲದಿದ್ದರೂ ಆದೀತು. ಅದೂ ಆಗದಿದ್ದರೆ ಇಂಥ ತಾರೀಖಿಗೆ ಇಡುತ್ತೇವೆಂದು ಕೊಕ್ಕಿನ ಗುರುತು ಒತ್ತಿ ಬರೆದುಕೊಡಿ. ಅದೂ ಕಷ್ಟವೆಂದರೆ ಯಜಮಾನರಾದರೂ ಪ್ರಯತ್ನಿಸಿ ನೋಡಲಿ. ಗಂಡಸರ ಮಾನ ಗಂಡಸರೇ ಉಳಿಸದಿದ್ದರೆ ಇನ್ನಾರು ಉಳಿಸಬೇಕು?

ತಮ್ಮ ಮೌನವನ್ನು ಸಮ್ಮತಿಯೆಂದು ತಿಳಿಯಲು ಹಾತೊರೆಯುತ್ತಿರುವ,

ತಮ್ಮ ವಿಶ್ವಾಸಿ,
ಮಿಕ್ಸಿ ರಿಪೇರಿಯವನು

ತಾ.ಕ.: ಇದನ್ನು ಬರೆಯುತ್ತಿರುವುದು ಮೇಲೆ ಸಹಿ ಮಾಡಿದವರ ಹೆಂಡತಿ. ಬಹಿರಂಗ ಪತ್ರ, ಗೇಟಿಗೆ ಅಂಟಿಸು ಎಂದು ನನ್ನ ಕೈಗೇ ಕೊಟ್ಟು ಅಂಗಡಿಗೆ ಹೋಗಿದ್ದಾರೆ. ಬಾತುಗಳು ಬಂದ ಎರಡನೆಯ ವಾರದಿಂದಲೇ ದಿನಾ ಬೆಳಕು ಹರಿಯುವ ಮೊದಲು ಮೊಟ್ಟೆ ಇಡುತ್ತಿವೆ. ಸುಮ್ಮನೆ ಅವುಗಳನ್ನು ಬೈಯಬಾರದು. ಮೊಟ್ಟೆಗಳು ಅಂದಂದೇ ನನ್ನ ಚೀಲದಲ್ಲಿ ನಾದಿನಿಯ ಮನೆ ಸೇರಿವೆ. ಅದಕ್ಕೆ ಬದಲಾಗಿ ನನ್ನ ಏಳು ಕೋಳಿಗಳನ್ನು ಭಾನುವಾರ ಬೆಳಿಗ್ಗೆ ಅವಳೇ ತಂದು ಬಿಡುತ್ತಾಳೆ. ಹಿತ್ತಲಿನಲ್ಲಿ ಹನ್ನೆರಡಕ್ಕೂ ಜಾಗವಿದೆ, ಅಳೆದು ನೋಡಿದ್ದೇನೆ. ಹೋಟೆಲಿನ ಅಡುಗೆಯವನಿಗೆ ಈ ಕಡೆ ತಲೆ ಹಾಕಬೇಡವೆಂದು ಹೇಳಿ ಕಳಿಸಿದ್ದೇನೆ. ಇದ್ಯಾವುದನ್ನೂ ಇವರನ್ನು ಒಂದು ಮಾತು ಕೇಳಿ ಮಾಡಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ.