ತುಡಿಯಲೂರು ದಾಟಿದ ಕಾರು

ನಮ್ಮ ಸೋದರಮಾವನಷ್ಟು ಕಾರುಗಳನ್ನು ಬಲ್ಲವರು ಕೊಯಮತ್ತೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು! ಸ್ವಂತ ಕಾರಂತೂ ಇರಲೇ ಇಲ್ಲ. ಯಾರಾದರೂ ಬಾನೆಟ್ ಎತ್ತಿ ತೋರಿಸಿದರೆ, ಪಕ್ಕದ ಮನೆಯ ಅಡುಗೆಮನೆಯೊಳಗೆ ಅಕಸ್ಮಾತ್ ಇಣುಕಿದವರಂತೆ ಸಂಕೋಚಪಟ್ಟು ಮುಖ ತಿರುಗಿಸಿಕೊಳ್ಳುತ್ತಿದ್ದರು. ಪೆರಿಯನಾಯಕನಪಾಳ್ಯದ ಒಂದು ನೂಲಿನ ಮಿಲ್ಲಿನಲ್ಲಿ ಟೈಮ್ ಕೀಪರ್ ಕೆಲಸ, ಹೋಗಿಬರಲು ಟೌನ್ ಬಸ್ಸು. ಅಂಥವರು ‘ಹೂಂ’ ಅನ್ನದೆ ನಮ್ಮವರ ಪೈಕಿ ಯಾರೂ ಕಾರು ಕೊಳ್ಳುತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ?

ನಮ್ಮವರು ಎಂದರೆ ಎಷ್ಟೋ ತಲೆಮಾರುಗಳ ಹಿಂದೆ ಈ ಕಡೆ ಬಂದು ನೆಲೆಸಿದ ಕನ್ನಡದ ಮನೆಗಳವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಎರಡೂ ಕಲಸಿಕೊಂಡು ಮಾತಿನ ಬಾಲಕ್ಕೆ ಮರ್ಯಾದೆಗೊಂದು ‘ಂಗ’. ಬನ್ನಿಂಗ, ಕೂರಿಂಗ. ಗಾಡಿಯೋ ಕಾರೋ, ಎಲ್ಲಕ್ಕೂ ‘ವಂಡಿ’ ಎಂದೇ ಹೆಸರು. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಆಗ ರಸ್ತೆಯಲ್ಲಿ ಇದ್ದದ್ದೇ ಎರಡು ಜಾತಿ ಕಾರು: ದುಂಡನೆಯದು, ಚೌಕನೆಯದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಪರೀಕ್ಷಕರು ಯಾಕೆ ಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಮಾವ ನನ್ನ ಕಡೆ ಕನಿಕರದಿಂದ ನೋಡಿದ್ದರು.

ಅವರಿಗೆ ಈ ಹೆಸರು ಬಂದದ್ದು ಹೀಗೆ. ನಮ್ಮ ಅಮ್ಮನ ಚಿಕ್ಕಪ್ಪ ಒಬ್ಬರು ಯಾವುದೋ ಹಳೆಯ ಕಾರಿಗೆ ಮನಸೋತು, ಮಾವನನ್ನೂ ಅತ್ತೆಯನ್ನೂ ಅದರಲ್ಲಿ ಕೂರಿಸಿಕೊಂಡು ಮೇಟ್ಟುಪಾಳ್ಯಂ ರಸ್ತೆಯಲ್ಲಿ ಒಂದು ಸುತ್ತು ಹೊರಟರು. ಅತ್ತೆ ಎಂದರೆ ಮಾವನ ಹೆಂಡತಿ. ಪಾಪ, ಅವರಿಗೆ ವಾಹನ ಹತ್ತಿದರೆ ಹೊಟ್ಟೆ ತೊಳಸುವ ಕಾಯಿಲೆ. ತುಡಿಯಲೂರು ಬರುವಷ್ಟರಲ್ಲಿ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬೆಳಗಿನ ಇಡ್ಲಿಯನ್ನೆಲ್ಲ ರಸ್ತೆಗೆ ಒಪ್ಪಿಸಿಬಿಟ್ಟರು. ಮಾವನಿಗೆ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಕಾರಿನ ಮೇಲೆ. “ಈ ವಂಡಿ ಸರಿಯಿಲ್ಲ, ಬೇಡಿಂಗ” ಎಂದರು. ಚಿಕ್ಕಪ್ಪ ಕೇಳದೆ ಕೊಂಡರು. ಮಗಳ ಮದುವೆಯ ದಿನ ಬೀಗರನ್ನು ಕರೆತರಲು ಹೋದ ಆ ಕಾರು ಹೂವಿನ ಮಾಲೆ ಹಾಕಿಕೊಂಡು ನಡುರಸ್ತೆಯಲ್ಲಿ ನಿಂತಿತು. ಬೀಗರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಅದನ್ನು ಛತ್ರದವರೆಗೆ ತಳ್ಳಿಕೊಂಡು ಬಂದರು. ಅಂದಿನಿಂದ ಕಾರು ಕೊಳ್ಳುವವರೆಲ್ಲ ಮೊದಲು ಮಾವನ ಮನೆಯ ಮುಂದೆ ಬಂದು ನಿಲ್ಲತೊಡಗಿದರು.

ಪರೀಕ್ಷೆಯ ಕ್ರಮವನ್ನು ಮಾವ ಬೇಗನೆ ಬಿಗಿ ಮಾಡಿದರು. ಕಾರು ಮನೆಯ ಮುಂದಿನಿಂದ ಹೊರಟು ಮೇಟ್ಟುಪಾಳ್ಯಂ ರಸ್ತೆ ಹಿಡಿಯಬೇಕು. ಹಿಂದಿನ ಸೀಟಿನ ಎಡಗಡೆ ಅತ್ತೆ, ಮಧ್ಯದಲ್ಲಿ ಮಾವ, ಬಲಗಡೆ ನಿಂಬೆಹಣ್ಣು ಮತ್ತು ನೀರಿನ ಕೂಜ ಹಿಡಿದ ನಾನು. ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆನಲ್ಲ, ಬಾಡಿಗೆಯ ಬದಲು ಈ ಉದ್ಯೋಗ. ಅತ್ತೆಗೆ ಎಲ್ಲಿ ಆಗುತ್ತದೋ ಅದೇ ಆ ಕಾರಿನ ದರ್ಜೆ. ಕವುಂಡಂಪಾಳ್ಯದಲ್ಲೇ ಆಗಿಬಿಟ್ಟರೆ ಅದನ್ನು ಮುಟ್ಟಲೂ ಬಾರದು. ತುಡಿಯಲೂರಾದರೆ ಸಾಧಾರಣ. ಪೆರಿಯನಾಯಕನಪಾಳ್ಯ ಮುಟ್ಟಿದರೆ ಧಾರಾಳವಾಗಿ ಕೊಳ್ಳಬಹುದು. ಕಾರಮಡೈ ತನಕ ಹೋದ ಕಾರು ಒಂದೋ ಎರಡೋ. ಮೇಟ್ಟುಪಾಳ್ಯವನ್ನು ಮುಟ್ಟಿದ ಕಾರು ಇನ್ನೂ ಹುಟ್ಟಿರಲಿಲ್ಲ. ಬಂಧುಗಳ ನಡುವೆ ಈ ಲೆಕ್ಕವೇ ರೂಢಿಯಾಯಿತು. ಮದುವೆಮನೆಯಲ್ಲಿ ಒಬ್ಬರು ಇನ್ನೊಬ್ಬರ ಕಾರಿನ ಕಡೆ ಕಣ್ಣು ಹಾಯಿಸಿ, “ಅದಾ? ಅದು ಸುಮ್ಮ ತುಡಿಯಲೂರು ವಂಡಿ” ಎಂದು ಮೂಗು ಮುರಿಯುತ್ತಿದ್ದರು. ಒಬ್ಬ ಡಾಕ್ಟರ ಕಾರಿನಲ್ಲಿ ಅದೆಂಥದೋ ಸುಗಂಧ ಇಟ್ಟಿದ್ದರು. ಅದು ಹೊರಡುವ ಮೊದಲೇ ಫಲಿತಾಂಶ ಬಂದುಬಿಟ್ಟಿತು. ಮಾವ ಇಳಿದು ಕೈಮುಗಿದು, “ಇದು ಮನೆ ಬಾಗಿಲ ವಂಡೀಂಗ” ಎಂದು ಒಳಗೆ ಹೋದರು.

ಈ ವಿಷಯದಲ್ಲಿ ಅವರನ್ನು ಬಗ್ಗಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಒಮ್ಮೆ ಕಾರು ಬ್ರೋಕರ್ ಒಬ್ಬ ಉಪಾಯ ಹೂಡಿ, ಹಿಂದಿನ ದಿನವೇ ಅತ್ತೆಯನ್ನು ಗುಟ್ಟಾಗಿ ಕಂಡು, ಶುಂಠಿ ಮಿಠಾಯಿ ಕೊಟ್ಟು, ಬೆಳಿಗ್ಗೆ ಏನೂ ತಿನ್ನಬೇಡಿ ಎಂದು ಬೇಡಿಕೊಂಡಿದ್ದ. ಕಾರು ಸಲೀಸಾಗಿ ಕಾರಮಡೈ ಮುಟ್ಟಿತು. ಬ್ರೋಕರ್ ಹಿಗ್ಗಿ ಹೀರೇಕಾಯಿಯಾದ. ಮಾವ ಅತ್ತೆಯ ಮುಖವನ್ನೇ ನೋಡಿ, “ನೀ ಇಡ್ಲಿ ತಿಂದ್ಯಾ?” ಎಂದರು. ಅತ್ತೆ ತಲೆ ತಗ್ಗಿಸಿದರು. ಮಾವ ಕಾರು ನಿಲ್ಲಿಸಲು ಹೇಳಿ, ಅಲ್ಲೇ ಹೋಟೆಲಿಗೆ ಕರೆದೊಯ್ದು ಅತ್ತೆಗೆ ಇಡ್ಲಿ ತಿನ್ನಿಸಿ, ಕಾಫಿ ಕುಡಿಸಿ, ಪರೀಕ್ಷೆಯನ್ನು ಮತ್ತೆ ಮೊದಲಿಂದ ಶುರು ಮಾಡಿದರು. ಬ್ರೋಕರ್ ತಂದಿದ್ದ ಮಾವಿನಹಣ್ಣಿನ ಬುಟ್ಟಿ ಅವನ ಜೊತೆಗೇ ವಾಪಸ್ ಹೋಯಿತು. ಬಹಳ ಒಳ್ಳೆಯ ಹಣ್ಣು, ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲದರಲ್ಲಿ ಅತ್ತೆಯನ್ನು ಯಾರಾದರೂ ಏನಾದರೂ ಕೇಳಿದ್ದರೇ? ಒಂದು ದಿನ ನಾನೇ ಕೇಳಿದೆ. ಸೀರೆಯ ಸೆರಗನ್ನು ಕಲ್ಲಿನ ಮೇಲೆ ತಿಕ್ಕುತ್ತಾ ಕೂತಿದ್ದರು.

“ಅತ್ತೆ, ನಿಮ್ಗೆ ಬೇಜಾರಾಗಲ್ವಾ? ಊರವ್ರ ಕಾರಿಗೆಲ್ಲ ನೀವ್ಯಾಕೆ ಒದ್ದಾಡ್ಬೇಕು?”

“ಬೇಜಾರೇನೆ? ಯಾವ್ದಾದ್ರೂ ಒಂದ್ ವಂಡಿ ನನ್ ಹೊಟ್ಟೆಗೆ ಒಪ್ಪಿದ್ರೆ ನಮ್ಮವ್ವನ್ನ ನೋಡ್ಬೋದಲ್ಲ” ಎಂದರು.

ಅತ್ತೆಯ ತವರು ದಿಂಬಂ ಘಾಟಿಯ ಆಚೆ, ತಾಳವಾಡಿಯ ಹತ್ತಿರ. ಸತ್ಯಮಂಗಲ ದಾಟಿ, ಬಣ್ಣಾರಿಯಿಂದ ಕಾಡಿನೊಳಗೆ ತಿರುವಿನ ಮೇಲೆ ತಿರುವು ಹತ್ತಿ ಹೋಗಬೇಕು. ಮದುವೆಯಾಗಿ ಆ ಘಾಟಿ ಇಳಿದು ಬಂದ ಹುಡುಗಿಗೆ ಮತ್ತೆ ಹತ್ತುವುದೇ ಒಂದು ಶಿಕ್ಷೆಯಾಯಿತು. ಅವರ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಬಸ್ಸಿನಲ್ಲಿ ಹೊರಟವರು ಘಾಟಿಯ ಬುಡದಲ್ಲೇ ಎಚ್ಚರ ತಪ್ಪಿದರು. ಸತ್ಯಮಂಗಲದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದಾಗ ಅಲ್ಲಿ ಮೇಲೆ ಮಣ್ಣು ಮಾಡಿ ಮುಗಿದಿತ್ತು. ಅವತ್ತು ಹೆದರಿದ್ದು ಅತ್ತೆಯಲ್ಲ, ಮಾವ. ಆಮೇಲೆ ಅವರು ಹೆಂಡತಿಯನ್ನು ಆ ದಾರಿಯ ಬಸ್ಸು ಹತ್ತಲು ಬಿಡಲಿಲ್ಲ. ಬಾಡಿಗೆ ಕಾರಿನಲ್ಲೂ ಒಮ್ಮೆ ಹೊರಟು, ಸತ್ಯಮಂಗಲ ಸೇರುವ ಮೊದಲೇ ಹಿಂದಿರುಗಿದ್ದರು. ಅಲ್ಲಿ ಅಜ್ಜಿಗೆ, ಎಂದರೆ ಅತ್ತೆಯ ತಾಯಿಗೆ, ಮಂಡಿನೋವು, ಕೆಳಗೆ ಬರಲಾರರು. ಮೇಲಿಂದ ರಾಗಿ, ಅವರೆಕಾಯಿ ಬರುತ್ತಿತ್ತು. ಕೆಳಗಿಂದ ಕಾಫಿಪುಡಿ ಹೋಗುತ್ತಿತ್ತು. ತಾಯಿ ಮಗಳು ಮಾತ್ರ ಒಬ್ಬರನ್ನೊಬ್ಬರು ನೋಡದೆ ವರ್ಷಗಳಾಗಿದ್ದವು. ಆ ಬೇಸಿಗೆಯಲ್ಲಿ ಅತ್ತೆಯ ತಮ್ಮ ಬಂದು, ಅವ್ವನಿಗೆ ಕಣ್ಣು ಮಂಜಾಗುತ್ತಿದೆ, ಬೇಗ ಬಂದರೆ ಅಕ್ಕನ ಮುಖವಾದರೂ ಕಂಡೀತು ಎಂದು ಹೇಳಿ ಹೋದ.

ಅದೇ ಸಮಯಕ್ಕೆ ಸರಿಯಾಗಿ ಹೊಸ ಕಾರು ಬಂತು. ದುಂಡನೆಯದೂ ಅಲ್ಲ, ಚೌಕನೆಯದೂ ಅಲ್ಲ, ಉದ್ದಕ್ಕೆ ತಗ್ಗಾಗಿ ಹೊಳೆಯುವ ಕಾರು! ಕೊಳ್ಳಲು ಹೊರಟವರು ಸೋಮನೂರಿನಲ್ಲಿ ಪವರ್‌ಲೂಮ್ ಶೆಡ್ಡು ಇಟ್ಟಿದ್ದ ನಮ್ಮ ದೂರದ ನೆಂಟರು. ಮಗ್ಗಗಳ ಸದ್ದಿನಲ್ಲೇ ಬಾಳಿದವರಾದ್ದರಿಂದ ಕ್ಷೇಮಸಮಾಚಾರವನ್ನೂ ಕೂಗಿಯೇ ಕೇಳುವವರು. ಕಾರಿನ ಜೊತೆ ಶೋರೂಮಿನವರು ಟೈ ಕಟ್ಟಿದ ಒಬ್ಬ ಯುವಕನನ್ನು ಕಳಿಸಿದ್ದರು. ಅವನೇ ಓಡಿಸುವವನು, ಅವನೇ ವರ್ಣಿಸುವವನು.

“ಲಕ್ಷುರಿ ಕಾರ್ ಸಾರ್. ಆದ್ರೆ ಸ್ಪೋರ್ಟ್ಸ್ ಕಾರಿನ ಥರ ಓಡುತ್ತೆ. ಎ.ಸಿ. ಇದೆ, ಕ್ಯಾಸೆಟ್ ಪ್ಲೇಯರ್ ಇದೆ, ಗೇರು ಸ್ಟೀರಿಂಗ್ ಹತ್ರ ಅಲ್ಲ, ಕೆಳಗಿದೆ.”

“ಹಿಂದಿನ ಕಿಟಕಿ ಗಾಜು ಪೂರ್ತಿ ಇಳಿಯುತ್ತಾಪ್ಪ?” ಎಂದರು ಮಾವ.

“ಎ.ಸಿ. ಇರೋವಾಗ ಗಾಜು ಯಾಕೆ ಸಾರ್ ಇಳಿಸ್ಬೇಕು?”

“ಕೊಂಜ ಹೊತ್ತಲ್ಲಿ ನಿಂಗೇ ತಿಳಿಯುತ್ತೆ.”

ಆದರೆ ಅವನಿಗೆ ತಿಳಿಯಲೇ ಇಲ್ಲ. ಕವುಂಡಂಪಾಳ್ಯ ಹೋಯಿತು, ತುಡಿಯಲೂರು ಹೋಯಿತು. ಮಾವ ಹಳೆಯ ಅಭ್ಯಾಸದಂತೆ ಅತ್ತೆಯ ಮುಂದೆ ಹಿಡಿದಿದ್ದ ಟವೆಲನ್ನು ಪೆರಿಯನಾಯಕನಪಾಳ್ಯದಲ್ಲಿ ಮಡಿಚಿದರು. ಕಾರಮಡೈಯೂ ಹೋಯಿತು. ಮೇಟ್ಟುಪಾಳ್ಯದಲ್ಲಿ ಅತ್ತೆ ಇಳಿದು, ಸುತ್ತ ನೋಡಿ, ಸೀಬೆಹಣ್ಣು ಬೇಕೆಂದರು. ನಾವೆಲ್ಲ ರಸ್ತೆಬದಿಯಲ್ಲಿ ನಿಂತು ಅವರು ಉಪ್ಪುಖಾರ ಹಚ್ಚಿ ಸೀಬೆಹಣ್ಣು ತಿನ್ನುವುದನ್ನು ನೋಡಿದೆವು.

“ಹಂಗಾದ್ರೆ ಪಾಸಾ ಅಣ್ಣಾ?” ಎಂದು ಸೋಮನೂರಿನವರು ಕೂಗಿದ್ದು ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿತು.

“ಇನ್ನೂ ಇಲ್ಲ. ಘಾಟಿ ಹತ್ತಿಸಿ ನೋಡ್ಬೇಕು.”

“ನಮ್ ಸೋಮನೂರಲ್ಲಿ ಘಾಟಿ ಎಲ್ಲಿದೇಂಗ? ಒಂದ್ ಗುಡ್ಡ ಕೂಡ ಇಲ್ಲ.”

“ವಂಡಿ ಅಂದ್ಮೇಲೆ ಘಾಟಿ ಹತ್ಬೇಕು. ದಿಂಬಂ ಘಾಟಿ ಆದ್ರೆ ಒಳ್ಳೇದು” ಎಂದರು ಮಾವ, ಬೇರೆ ಎಲ್ಲೋ ನೋಡುತ್ತಾ. ಸೋಮನೂರಿನವರು ಅತ್ತೆಯ ಕಡೆ ನೋಡಿದರು, ಮತ್ತೆ ಮಾವನ ಕಡೆ ನೋಡಿದರು. ಬರುವ ಭಾನುವಾರ ಹೋಗೋಣ ಎಂದರು. ಟೈ ಕಟ್ಟಿದ ಯುವಕನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಭಾನುವಾರ ಅತ್ತೆ ಕಾರು ಹತ್ತಿದ್ದು ಹೊಸ ಸೀರೆ, ಕಾಫಿಪುಡಿ, ಅಜ್ಜಿಗೊಂದು ಕಂಬಳಿ, ಮಂಡಿಗೆ ತಿಕ್ಕುವ ಎಣ್ಣೆ ಎಲ್ಲವನ್ನೂ ಕಟ್ಟಿಕೊಂಡು. ಮಾವ ಇಡ್ಲಿಯ ಮಾತೇ ಎತ್ತಲಿಲ್ಲ! ನಾನೇ ನೆನಪಿಸಿದರೆ, “ಸುಮ್ನೆ ಕೂರೇ” ಎಂದು ಗದರಿದರು. ಸತ್ಯಮಂಗಲದವರೆಗೆ ಏನೂ ಆಗಲಿಲ್ಲ. ಬಣ್ಣಾರಿಯಲ್ಲಿ ಇಳಿದು ಅಮ್ಮನವರ ಗುಡಿಗೆ ಕೈಮುಗಿದೆವು. ಮೊದಲ ತಿರುವುಗಳನ್ನು ಕಾರು ಎಷ್ಟು ಮೆತ್ತಗೆ ಹತ್ತಿತೆಂದರೆ ಯುವಕ ಮತ್ತೆ ವರ್ಣನೆ ಶುರು ಮಾಡಿದ. ಘಾಟಿಯ ಅರ್ಧಕ್ಕೆ ಬಂದಾಗ ಅತ್ತೆ ಅವನ ಭುಜ ತಟ್ಟಿದರು. ಕಾರು ನಿಂತಿತು, ಅತ್ತೆ ಬಾಗಿಲು ತೆಗೆದು ಬಗ್ಗಿದರು.

ಮಾವನ ಮುಖ ಬಿಳಿಚಿಕೊಂಡಿತು. ಬಹಳ ಹೊತ್ತು ಅತ್ತೆಯ ಬೆನ್ನು ನೀವುತ್ತಿದ್ದು, “ತಿರುಗ್ಸಪ್ಪಾ, ಸಾಕು” ಎಂದರು.

ಅತ್ತೆ ಬಾಯಿ ತೊಳೆದುಕೊಂಡು ಎದ್ದು ನಿಂತರು. “ಯಾಕೆ ತಿರುಗ್ಸೋದು?”

“ಆಯ್ತಲ್ಲ, ವಾಂತಿ.”

“ಯಾರಿಗೆ? ನಂಗೇನೂ ಆಗ್ಲಿಲ್ಲ. ವಂಡಿ ಚೆನ್ನಾಗಿದೆ. ಕಾಲು ಹಿಡ್ಕೊಂಡಿತ್ತು, ಅದಕ್ಕೇ ಇಳಿದೆ. ಇನ್ ಸ್ವಲ್ಪ ದೂರ ನಡ್ಕೊಂಡ್ ಹೋಗ್ತೀನಿ” ಎಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಘಾಟಿ ಹತ್ತತೊಡಗಿದರು. ಮಾವ ಒಂದು ಗಳಿಗೆ ನಿಂತು ನೋಡಿ, ಚಪ್ಪಲಿ ಸರಿಮಾಡಿಕೊಂಡು ಹಿಂದೆ ಓಡಿದರು.

ನೋಡಿ, ಎಂಥ ಮೆರವಣಿಗೆ! ಮುಂದೆ ಗಂಡ ಹೆಂಡತಿ, ಹಿಂದೆ ಜಗತ್ತನ್ನೇ ಹಿಂದೆ ಹಾಕಲು ಹುಟ್ಟಿದ ಕಾರು, ಅವರ ನಡಿಗೆಗೆ ತಕ್ಕಂತೆ ತೆವಳಿಕೊಂಡು. ಬಿದಿರಿನ ಲಾರಿಯವರು ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಯುವಕ ಕಿಟಕಿಯಿಂದ ಅಂಗಲಾಚಿದ: “ಸಾರ್, ಇಲ್ಲಿ ಆನೆ ಇರುತ್ತೆ ಸಾರ್.”

“ಬಂದ್ರೆ ಹಾರ್ನ್ ಹೊಡಿ. ಹಾರ್ನೂ ನೋಡಿದ ಹಾಗಾಗುತ್ತೆ” ಎಂದರು ಮಾವ.

ಹೀಗೆ ಒಂದು ತಿರುವು ನಡೆದು, ಒಂದು ತಿರುವು ಕೂತು, ನಡುವೆ ಬಗ್ಗಿ, ಬಾಯಿ ತೊಳೆದು, ‘ಏನೂ ಆಗ್ಲಿಲ್ಲ’ ಎಂದುಕೊಂಡೇ ಅತ್ತೆ ಮೇಲೇರಿದರು. ಮಾವ ಒಂದು ಕೈಯಲ್ಲಿ ನೀರಿನ ಕೂಜ, ಇನ್ನೊಂದರಲ್ಲಿ ಅತ್ತೆಯ ಮೊಣಕೈ ಹಿಡಿದಿದ್ದರು. ಹೆಂಡತಿಯ ಕೈಯನ್ನು ನಾಲ್ಕು ಜನರೆದುರು ಹಿಡಿಯುವವರಲ್ಲ ಅವರು. ನಾನು ಕಾರಿನೊಳಗೆ ಆ ತಂಪಿನಲ್ಲಿ ಕೂತು ಅವರ ಬೆನ್ನನ್ನೇ ನೋಡುತ್ತಿದ್ದೆ. ಮುಂದಿನ ಸೀಟಿನಲ್ಲಿದ್ದ ಸೋಮನೂರಿನವರು ಮೊದಲ ಸಲ ಪಿಸುದನಿಯಲ್ಲಿ, “ಮೆಲ್ಲಗೆ ಓಡ್ಸಪ್ಪಾ” ಎಂದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ತಾಳವಾಡಿಯ ಬಯಲು ಹಿಡಿದು ಅತ್ತೆಯ ತವರು ಸೇರಿದೆವು. ಅಜ್ಜಿ ಜಗುಲಿಯ ಮೇಲೆ ಕೂತಿದ್ದರು. ಹೆಜ್ಜೆ ಸದ್ದಿಗೇ ತಿರುಗಿ, “ಬಂದ್ಯಾ ಕೂಸೇ” ಎಂದರು. ಅತ್ತೆ ಓಡಿಹೋಗಿ ಮುಂದೆ ಕೂತರು. ಅಜ್ಜಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣಿನ ಹತ್ತಿರ ಹತ್ತಿರ ತಂದುಕೊಂಡು ನೋಡಿದರು. “ಕಾಣ್ತೀಯ” ಎಂದರು. ಅಜ್ಜಿಗೆ ಕಣ್ಣು ಮಂಜಾಗಿತ್ತು, ಮೂಗು ಚೆನ್ನಾಗಿಯೇ ಇತ್ತು. ಚೊಂಬಿನ ನೀರಲ್ಲಿ ಸೆರಗು ಅದ್ದಿ ಮಗಳ ಬಾಯಿ, ಕುತ್ತಿಗೆ ಎಲ್ಲ ಒರೆಸಿದರು.

“ದಾರೀಲಿ ಕಷ್ಟ ಆಯ್ತಾ?”

“ಇಲ್ಲವ್ವ. ಕಾರಲ್ಲಿ ಸುಖವಾಗಿ ಬಂದೆ. ಒಂದ್ಸಲಾನೂ ಆಗ್ಲಿಲ್ಲ.”

ಅಜ್ಜಿ ಮಾವನಿದ್ದ ಕಡೆ ಮುಖ ತಿರುಗಿಸಿದರು. “ನಿಜವಾ ಅಳಿಯಪ್ಪಾ?”

ಮಾವ ಅಂಗಳದಲ್ಲಿ ಖಾಲಿ ಕೂಜ ಹಿಡಿದುಕೊಂಡು ನಿಂತಿದ್ದರು. “ನಿಜ ಅವ್ವಾ” ಎಂದರು. “ಒಂದ್ಸಲಾನೂ ಆಗ್ಲಿಲ್ಲ. ಇನ್ಮೇಲೆ ಆಗಾಗ ಕರ್ಕೊಂಡ್ ಬರ್ತೀನಿ.”

ಅಜ್ಜಿ ನಂಬಿದವರ ಹಾಗೆ ತಲೆಯಾಡಿಸಿದರು. ಯಾವ ಕಾರಿನಲ್ಲಿ ಕರೆತರುತ್ತಾರೆ, ಹೇಗೆ ಕರೆತರುತ್ತಾರೆ ಎಂದು ನನಗೆ ಅಳು ಬರುವಂತಾಯಿತು. ಆಗ ಸೋಮನೂರಿನವರು ಅಂಗಳದೊಳಗೆ ಬಂದು ಮಾವನ ಕೈಯಿಂದ ಕೂಜ ತೆಗೆದುಕೊಂಡರು.

“ನನ್ನ ಬಿಟ್ಟು ಹೆಂಗ್ ಕರ್ಕೊಂಡ್ ಬರ್ತೀರಿಂಗ ಅಣ್ಣಾ? ವಂಡಿ ನಂದಲ್ವಾ” ಎಂದರು.

ಕಾರು ಪಾಸಾಯಿತೇ ಎಂದು ಅವರು ಮಾವನನ್ನು ಇನ್ನೂ ಕೇಳಿರಲಿಲ್ಲ.