ಯಾಕೆ ಎಂದರೆ ಕಾರಣ ಹೇಳುವ ಕಂಪ್ಯೂಟರು

'ಯಾಕೆ' ಅಂತ ಕೇಳುವವರು ಇರುವ ಕಡೆ ನಗುವಿಗೆ ಬರವಿಲ್ಲ. ತೊಂಬತ್ತರ ದಶಕದಲ್ಲಿ ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿ ಬಂದ ನನಗೆ ಅದು ಚೆನ್ನಾಗಿ ಗೊತ್ತು. ಶ್ರೀಕಾರ್ಯಂ ಕಡೆಯ ಕಚೇರಿಯೊಂದರಲ್ಲಿ ಮರಗೆಣಸಿನ ರೋಗ ಗುರುತಿಸಿ ಸಲಹೆ ಕೊಡುವ ಪ್ರೋಗ್ರಾಂ ಬರೆಯುತ್ತಿದ್ದೆವು. ಬೆಳೆರೋಗ ತಜ್ಞೆಯಾದ ನಮ್ಮ ಮೇಡಂ ಹಿಡಿದ ಹಟ ಒಂದೇ: "ಸಲಹೆ ಕೊಟ್ಟರೆ ಸಾಲದು. ಯಾಕೆ ಅಂದರೆ ಕಾರಣವನ್ನೂ ಹೇಳಬೇಕು." ಪ್ರೋಗ್ರಾಂ ಮಂಜೂರು ಮಾಡಬೇಕಿದ್ದ ಸರ್ಕಾರಿ ಸಮಿತಿ ಒಪ್ಪದಿದ್ದರೆ ಅವರ ವರ್ಷಗಳ ಶ್ರಮ ಮಣ್ಣುಪಾಲು, ಕಂಪ್ಯೂಟರು ಅಕೌಂಟ್ಸ್ ಸೆಕ್ಷನ್ ಪಾಲು.

ಮೊದಲ ರೈತ

ಪರೀಕ್ಷೆಗೆಂದು, ಎಲ್ಲರೂ ಚೇಟ್ಟ ಅಂದರೆ ಅಣ್ಣ ಎನ್ನುತ್ತಿದ್ದ ರೈತರೊಬ್ಬರನ್ನು ಕೂರಿಸಿದೆವು. "ಎಲೆ ಮುದುರಿದೆಯೇ?" ಎಂದಿತು ಪರದೆ. "ಯಾಕೆ ಕೇಳ್ತಿದೆ?" ಎಂದರು ಅವರು. 'ಯಾಕೆ' ಎಂಬ ಗುಂಡಿ ಒತ್ತಿದೆ, ಕಾರಣ ಬಂತು. ಮುಂದಿನ ಪ್ರಶ್ನೆಗೂ ಯಾಕೆ, ಅದರ ಮುಂದಿನದಕ್ಕೂ ಯಾಕೆ. ಕೊನೆಗೆ ಖುಷಿಯಾಗಿ ಎದ್ದು ಹೊರಟರು.

"ನಿಮ್ಮ ಮರಗೆಣಸಿನ ವಿಷಯ?" ಎಂದೆ.

"ನಂದು ತೆಂಗು, ಸಾರೇ. ಕಚೇರೀಲಿ ಯಾಕೆ ಅಂದ್ರೆ ಬೈಯದೆ ಹೇಳೋರು ಸಿಕ್ಕಿದ್ದು ಇದೇ ಮೊದಲು. ಅದಕ್ಕೇ ಕೂತೆ."

ಹಾಗಲಕಾಯಿ

ಒಂದು ಶನಿವಾರ ಮಗಳು ಕಚೇರಿಗೆ ಬಂದು ಆ ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು. ಕಂಪ್ಯೂಟರು ಒಮ್ಮೆಯೂ ಸಿಡುಕಲಿಲ್ಲ. ಮನೆಗೆ ಬಂದರೆ ತಟ್ಟೆಯಲ್ಲಿ ಹಾಗಲಕಾಯಿ ಪಲ್ಯ.

"ಯಾಕೆ ತಿನ್ನಬೇಕು?" ಎಂದಳು, ಎಂದಿನಂತೆ ಮಲಯಾಳದಲ್ಲಿ.

"ಸುಮ್ನೆ ತಿನ್ನೇ!" ಎಂದಳು ನನ್ನ ಹೆಂಡತಿ, ಕನ್ನಡದಲ್ಲಿ.

ಮಗಳು ನನ್ನ ಕಿವಿಯಲ್ಲಿ ಕೇಳಿದಳು, "ಅಮ್ಮಂಗೆ ಆ ಬಟನ್ ಇಲ್ವಾ?"

ಎರ್ನಾಕುಲಂನ ಸಮಿತಿ

ಕೊನೆಗೂ ಎರ್ನಾಕುಲಂನಲ್ಲಿ ಸಮಿತಿಯ ಮುಂದೆ ಕೂತೆವು. ಅಧ್ಯಕ್ಷರು ಫೈಲುಗಳಲ್ಲೇ ತಲೆ ನರೆಸಿಕೊಂಡ ಅಧಿಕಾರಿ. "ಗಿಡ ಕಿತ್ತು ಸುಡಿ" ಎಂದಿತು ಕಂಪ್ಯೂಟರು.

"ಯಾಕೆ?"

"ಎಲೆಯಲ್ಲಿ ಹಳದಿ ಮಚ್ಚೆ. ಗಿಡ ಗಿಡ್ಡ."

"ಅಷ್ಟಕ್ಕೇ ಸುಡಬೇಕಾ? ಯಾಕೆ?"

ಪ್ರೋಗ್ರಾಂನ ಪ್ರತಿ ನಿಯಮಕ್ಕೂ ಆಧಾರ ಬರೆಯಬೇಕೆಂಬುದು ಮೇಡಂ ಕಟ್ಟಳೆ. ಈ ನಿಯಮಕ್ಕೆ ಪುಸ್ತಕದ ಆಧಾರವಿರಲಿಲ್ಲ, ಹೊಲದಲ್ಲಿ ನಿಂತು ಅವರೇ ಕಂಡುಕೊಂಡದ್ದು. "ಸುಳ್ಳು ಬೇಡ, ಇದ್ದದ್ದನ್ನೇ ಬರೀರಿ" ಎಂದಿದ್ದರು. ಪರದೆಯ ಮೇಲೆ ಅದೇ ಬಂತು:

"ಪುಸ್ತಕದಲ್ಲಿಲ್ಲ. ಮೇಡಂ ಹೇಳಿದ್ದಾರೆ."

ನಾನು ತಲೆ ತಗ್ಗಿಸಿದೆ. ಮೇಡಂ ಮಾತ್ರ ತಲೆ ತಗ್ಗಿಸಲಿಲ್ಲ. "ಹೌದು ಸಾರ್, ನಾನೇ ಹೇಳಿದ್ದು. ತಪ್ಪಾದರೆ ನನ್ನನ್ನೇ ಕೇಳಿ." ಆ ಕ್ಷಣ ಅವರ ಮೇಲೆ ನನಗೆ ಬಂದ ಗೌರವ ಇವತ್ತಿಗೂ ಇಳಿದಿಲ್ಲ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮಲ್ಲೂ ಯಾಕೆ ಯಾಕೆ ಅಂತ ಕೆದಕುತ್ತಾ ಹೋದರೆ ತಳದಲ್ಲಿ ಸಿಗೋದು 'ಸಾರ್ ಹೇಳಿದ್ದಾರೆ' ಅನ್ನೋದೇ. ಆದರೆ ಅದನ್ನ ಬಾಯಿಬಿಟ್ಟು ಒಪ್ಪಿಕೊಂಡವರನ್ನ ನಾನು ನೋಡಿಲ್ಲ. ಮಂಜೂರು ಮಾಡಿದ್ದೀನಿ, ರೈತರಿಗೆಲ್ಲ ಕೊಡಿ."

ನಾವು ಕಂಪ್ಯೂಟರ್ ಎತ್ತಿಕೊಂಡು ಬಾಗಿಲು ದಾಟುವಾಗ ಅಧ್ಯಕ್ಷರು ಹಿಂದಿನಿಂದ ಕೂಗಿದರು:

"ನನ್ನ ಕಚೇರಿಗೆ ಮಾತ್ರ ತರಬೇಡಿ!"