ಚಾವಿ ನನ್ನ ಕೈಯಲ್ಲೇ ಇತ್ತು

ಇನ್ನು ಮುಂದೆ ನನ್ನ ಕಾರಿನ ಬಾನೆಟ್ಟನ್ನು ನನ್ನ ಹೊರತು ಬೇರಾರೂ ಎತ್ತಕೂಡದು ಎಂದು ಹೋದ ಯುಗಾದಿಯಂದು ಬೇವುಬೆಲ್ಲ ತಿನ್ನುತ್ತಲೇ ಘೋಷಿಸಿಬಿಟ್ಟೆ. ನಾನೇನು ಸಾಮಾನ್ಯನೇ? ಶಕ್ತಿನಗರದ ವಿದ್ಯುತ್ ಸ್ಥಾವರದ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಆನೆಯಂಥ ಯಂತ್ರಗಳು ಕುಡಿಯುವ ಎಣ್ಣೆಯ ಬ್ಯಾರಲ್ಲುಗಳು ನನ್ನ ಸಹಿ ಬಿದ್ದ ಮೇಲೆಯೇ ಹೊರಗೆ ಉರುಳುತ್ತವೆ. ಅಂಥವನಿಗೆ ಒಂದು ಪುಟ್ಟ ಡೀಸೆಲ್ ಕಾರು ಯಾವ ಮಹಾ! ಆ ಯಂತ್ರಗಳನ್ನು ನಾನು ಒಮ್ಮೆಯೂ ಹತ್ತಿರದಿಂದ ನೋಡಿಲ್ಲ ಎಂಬ ಸಣ್ಣ ಸಂಗತಿಯನ್ನು ನನ್ನ ಹೆಂಡತಿ ಕಲ್ಯಾಣಿ ಆಗಾಗ ನೆನಪಿಸುತ್ತಾಳೆ. ಅವಳು ಶಾಲೆಯ ಟೀಚರು, ಇನ್ನೊಬ್ಬರ ತಪ್ಪು ಹುಡುಕುವುದಕ್ಕೇ ಸರ್ಕಾರ ಅವಳಿಗೆ ಸಂಬಳ ಕೊಡುತ್ತದೆ.

ಕಾರಿಗೆ ಹದಿನಾರು ವರ್ಷ. ದೇವದುರ್ಗದ ಹತ್ತಿ ವ್ಯಾಪಾರಿಯೊಬ್ಬರಿಂದ ಕೊಂಡದ್ದು. ಅದರ ಹಿಂದಿನ ಬಾಗಿಲುಗಳು ಹೊರಗಿನಿಂದಷ್ಟೇ ತೆರೆಯುತ್ತವೆ. ಬ್ಯಾಟರಿಯ ಮೇಲೆ ನಂಬಿಕೆ ಸಾಲದೆ ಮನೆಯ ಮುಂದಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತೇನೆ. ಒಂದು ಸಲ ದೂಡಿದರೆ ಎದ್ದುಬಿಡುತ್ತದೆ.

ಇಷ್ಟು ದಿನ ಅದನ್ನು ನೋಡಿಕೊಂಡವನು ರಾಯಚೂರಿನ ಮೆಕ್ಯಾನಿಕ್ ಮಹಮ್ಮದ್ ಹುಸೇನ್. ಅವನಿಗೆ ವಿದಾಯ ಹೇಳಲು ಹೋದಾಗ ಒಂದೇ ಮಾತು ಹೇಳಿದ.

"ಸಾಹೇಬ್ರ, ಹಳಿ ಡೀಸೆಲ್ ಇಂಜಿನ್ನಿಗೆ ಎಣ್ಣಿನೇ ಪ್ರಾಣ. ಕಡ್ಡಿ ಎಳದು ನೋಡ್ರಿ, ಎಣ್ಣಿ ಎರಡು ಗೆರಿ ನಡು ಇರಬೇಕು. ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ."

ಇಳಿಜಾರಿನಲ್ಲಿ ನಿಂತ ಕಾರಿನಿಂದ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಅರ್ಧ ಲೀಟರ್ ಸುರಿದೆ. ಮುಂದಿನ ವಾರ ಮತ್ತೆ ನೋಡಿದರೆ ಅದೇ ಕಥೆ. ಮತ್ತೆ ಅರ್ಧ ಲೀಟರ್, ಅದರ ಮುಂದಿನ ವಾರ ಇನ್ನೂ ಅರ್ಧ. ಬೀಗರು ಸಾಕು ಸಾಕೆಂದರೂ ಎಲೆಯ ತುಂಬ ತುಪ್ಪ ಸುರಿಯುವ ಮನೆತನ ನಮ್ಮದು. ಬಾಯಿಲ್ಲದ ಇಂಜಿನ್ನಿಗೆ ಜಿಪುಣತನ ಮಾಡಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ನಮ್ಮ ಅತ್ತೆ ಶೇಖಮ್ಮನವರಿಗೆ ರಾಯಚೂರಿನಲ್ಲಿ ಬಲಗಣ್ಣಿನ ಪೊರೆಯ ಆಪರೇಷನ್ ಆಯಿತು. ಮಾರನೆಯ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದ ನರ್ಸ್ ಮಿನಾಜ್ ಅವರಿಗೊಂದು ಕರಿ ಕನ್ನಡಕ ಹಾಕಿದಳು.

"ಯವ್ವಾ, ಹೊಗಿ ಧೂಳು ಬಡೀಬಾರದು, ಜಗ್ಗಾಡಬಾರದು. ಸಂಜಿಗೆ ನಾನ ಫೋನ್ ಮಾಡ್ತೀನಿ. ದೂರಂದು ಎಷ್ಟು ಕಾಣ್ತದ ಅಂತ ಬರೋಬ್ಬರಿ ಹೇಳಬೇಕು."

ಅತ್ತೆಯನ್ನು ಮಾನ್ವಿಯ ಅವರ ಮನೆಗೆ ಮುಟ್ಟಿಸಬೇಕಿತ್ತು. ಕಲ್ಯಾಣಿ ಮೆಲ್ಲಗೆ ಅಂದಳು. "ಬಸ್ಸಿಗೆ ಹೋಗೂಣ್ರಿ. ಅವ್ವನ ಕಣ್ಣಿನ ವಿಚಾರ ಇದು."

"ನನ್ನ ಗಾಡಿ ದಾರ್ಯಾಗ ಕೆಟ್ಟು ನಿಂದರಂಗಿಲ್ಲ. ನಿಂತ್ರ ನಾಳಿಗೇ ಮಾರಿಬಿಡ್ತೀನಿ."

"ಅವ್ವನ ಮುಂದ ಹೇಳೀರಿ. ನೆಪ್ಪಿರಲಿ."

ರಾಯಚೂರು ದಾಟಿ ಹತ್ತು ಕಿಲೋಮೀಟರ್ ಆಗಿರಲಿಲ್ಲ, ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಹಿಂದಿನ ಬೈಕಿನವನು ಹೆಗಲ ಮೇಲಿನ ವಲ್ಲಿಯನ್ನು ಮುಖಕ್ಕೆ ಸುತ್ತಿಕೊಳ್ಳುತ್ತಿದ್ದ. ಆಮೇಲೆ ಮುಂದಿನಿಂದ ಟಕ್ ಟಕ್ ಸದ್ದು. ನಾನು ಹಾಡಿನ ಸದ್ದು ಹೆಚ್ಚಿಸಿದೆ. ಟಕ್ ಟಕ್ ಜೋರಾಯಿತು, ಹಾಡನ್ನೂ ಜೋರು ಮಾಡಿದೆ.

"ಯಾರೋ ಹಸಿ ಕಟಗಿ ಒಲಿ ಹಚ್ಯಾರೇನ?" ಹಿಂದಿನ ಸೀಟಿನಿಂದ ಅತ್ತೆ ಮೂಗು ಮುಚ್ಚಿಕೊಂಡು ಕೇಳಿದರು.

"ಹೊಲದಾಗ ಕಸ ಸುಡಾಕತ್ತಾರ್ರಿ ಅತ್ತಿ."

ಕಲ್ಯಾಣಿ ಎರಡೂ ಕಡೆಯ ಹೊಲಗಳನ್ನು ನೋಡಿದಳು. ಎರಡರಲ್ಲೂ ನೀರು ತುಂಬಿದ ಭತ್ತದ ಗದ್ದೆ. ಆಮೇಲೆ ನನ್ನ ಮುಖ ನೋಡಿದಳು, ಅದರಿಂದ ನನ್ನ ಭಯ ಇಮ್ಮಡಿಯಾಯಿತು. ನಿಲ್ಲಿಸಿದರೆ ಮಾನ ಹೋಗುತ್ತದೆ, ಓಡಿಸಿದರೆ ಏನು ಹೋಗುತ್ತದೋ ಗೊತ್ತಿಲ್ಲ.

ಕಲ್ಲೂರಿನಲ್ಲಿ ಕಲ್ಯಾಣಿ ಬಾಳೆಹಣ್ಣು ಕೊಳ್ಳಲು ಇಳಿದಳು. ಆಫ್ ಮಾಡಿದರೆ ಮತ್ತೆ ಶುರುವಾದೀತೋ ಇಲ್ಲವೋ ಎಂದು ಚಹಾದ ಹೋಟೆಲ್ ಮುಂದೆ ಇಂಜಿನ್ ಚಾಲೂ ಇಟ್ಟೇ ಕುಳಿತಿದ್ದೆ. ಅರ್ಧ ನಿಮಿಷ ಕಳೆದಿರಬೇಕು. ಇಂಜಿನ್ ತಾನಾಗಿಯೇ ಗುರ್ರೆಂದಿತು. ನನ್ನ ಕಾಲು ಆಕ್ಸಿಲರೇಟರ್ ಮೇಲೆ ಇರಲೇ ಇಲ್ಲ, ಆದರೂ ಸದ್ದು ಏರುತ್ತ ಹೋಯಿತು. ಚಾವಿ ತಿರುಗಿಸಿದೆ. ನಿಲ್ಲಲಿಲ್ಲ. ಚಾವಿಯನ್ನು ಕಿತ್ತೇಬಿಟ್ಟೆ. ಅದು ಇನ್ನೂ ಜೋರಾಗಿ ಅಬ್ಬರಿಸಿತು. ಕಾರು ಗಡಗಡ ನಡುಗಿತು, ಹಿಂದೆ ಬಿಳಿ ಹೊಗೆ ಎದ್ದು ರಸ್ತೆಯೇ ಮಾಯವಾಯಿತು. ಹೋಟೆಲ್ಲಿನ ಜನ ಚಹಾದ ಲೋಟ ಹಿಡಿದುಕೊಂಡೇ ಓಡಿದರು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನೂ ಓಡಿದೆ. ಬಾಗಿಲು ತೆರೆದು, ಕಾರಿನ ಮುಂದಿನಿಂದ ನೆಟ್ಟಗೆ, ದೂರದ ಬೇವಿನ ಮರದ ತನಕ. ಶಾಲೆಯ ದಿನಗಳಲ್ಲಿ ಹೀಗೆ ಓಡಿದ್ದರೆ ಜಿಲ್ಲೆಗೆ ಮೊದಲು ಬರುತ್ತಿದ್ದೆ! ಮರದ ಹಿಂದೆ ನಿಂತು ಉಸಿರು ಬಿಟ್ಟಾಗ ನೆನಪಾಯಿತು, ಅತ್ತೆ ಒಳಗೇ ಇದ್ದಾರೆ. ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ.

ಆಗ ಹೆದರಿದ್ದೇ ನಿಜವಾದ ಹೆದರಿಕೆ. ಓಡಿ ಹೋಗಿ ಬಾಗಿಲು ತೆಗೆ ಎಂದು ಕಾಲಿಗೆ ಹೇಳುತ್ತಲೇ ಇದ್ದೆ, ಕಾಲು ಮಾತು ಕೇಳಲಿಲ್ಲ. ಅಷ್ಟರಲ್ಲಿ ಕಲ್ಯಾಣಿ ಬಾಳೆಹಣ್ಣು ಎಸೆದು ಓಡಿಬಂದಳು. ಬಾಗಿಲು ತೆರೆದು ಅವ್ವನ ಮುಖಕ್ಕೆ ಸೆರಗು ಮುಚ್ಚಿ ಇಳಿಸಿದಳು, ರಸ್ತೆಯಾಚೆಯ ಕಟ್ಟೆಯ ಮೇಲೆ ಕೂರಿಸಿದಳು. ನಾನು ಮರದ ಹಿಂದಿನಿಂದಲೇ ಹುಸೇನನಿಗೆ ಫೋನ್ ಮಾಡಿದೆ.

"ಚಾವಿ ತೆಗದ್ರೂ ನಿಲ್ಲವಲ್ದು ಹುಸೇನ್!"

"ಯಾ ಅಲ್ಲಾ. ಎಣ್ಣಿ ಎಷ್ಟು ಹಾಕೀರಿ?"

"ಒಂದೂವರಿ ಲೀಟರ್."

"ಕಡ್ಡಿ ನೋಡಿದಾಗ ಗಾಡಿ ಸಮ ನೆಲದ ಮ್ಯಾಲಿತ್ತೇನು?"

"ಮನಿ ಮುಂದಿನ ಇಳಿಜಾರಿನ್ಯಾಗ ಇತ್ತು."

"ಇಳಿಜಾರಿನ್ಯಾಗ ಎಣ್ಣಿ ಒಂದ ಕಡಿ ಸರೀತದ್ರಿ, ಕಡ್ಡಿಗೆ ಹತ್ತಂಗಿಲ್ಲ. ಈಗ ಅದು ಡೀಸೆಲ್ ಬಿಟ್ಟು ಹೆಚ್ಚಿಗಿ ಎಣ್ಣಿನೇ ಕುಡಿಯಾಕತ್ತದ. ಒಳಗ ಕುಂದರ್ರಿ. ಐದನೇ ಗೇರ್ ಹಾಕ್ರಿ, ಬ್ರೇಕ್ ಗಟ್ಟಿ ತುಳೀರಿ, ಕ್ಲಚ್ ಒಮ್ಮಿಗೇ ಬಿಡ್ರಿ."

'ಒಳಗ ಕುಂದರ್ರಿ' ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಮರದ ಹಿಂದಿನಿಂದ ಕೂಗಿ ಹೇಳಿದೆ. ಕಲ್ಯಾಣಿ ಕುಪ್ಪಸದ ತೋಳಿನಿಂದ ಮೂಗು ಒರೆಸಿಕೊಂಡು ಕಾರಿನೊಳಗೆ ಕುಳಿತಳು. ಲೈಸೆನ್ಸ್ ಪರೀಕ್ಷೆಯಲ್ಲಿ ಅವಳು ಮೊದಲ ಸಲಕ್ಕೇ ಪಾಸಾದವಳು, ನಾನು ಮೂರನೆಯ ಸಲಕ್ಕೆ. ಕಾರು ಒಮ್ಮೆ ಮುಂದಕ್ಕೆ ಕುಕ್ಕರಿಸಿ, ಕೆಮ್ಮಿ, ಸುಮ್ಮನಾಯಿತು. ಇಡೀ ಕಲ್ಲೂರು ಸುಮ್ಮನಾಯಿತು.

ನಾನು ಮರದ ಮರೆಯಿಂದ ಹೊರಬಂದೆ. ಕಲ್ಯಾಣಿ ಕೇಳಿದಳು. "ಚಾವಿ ಎಲ್ಲಿ ಅದರಿ?"

ಮುಷ್ಟಿ ಬಿಚ್ಚಿ ತೋರಿಸಿದೆ.

"ಚಲೋ ಆತು. ಅದನ್ನರ ಉಳಿಸಿದ್ರಿ."

ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಮಾನ್ವಿ ಮುಟ್ಟಿದೆವು. ಸಂಜೆ ರೊಟ್ಟಿ ತಿನ್ನುವಾಗ ಮಾವ ಯಂಕೋಬಪ್ಪನವರು ಏನಾಯಿತೆಂದು ಕೇಳಿದರು. ನನ್ನೊಳಗಿನ ವೀರ ಮೆಲ್ಲಗೆ ಎದ್ದ. ಅತ್ತೆಯ ಕಣ್ಣಿಗೆ ಕರಿ ಕನ್ನಡಕ, ನಿನ್ನೆ ಆಪರೇಷನ್ ಆದ ಕಣ್ಣು, ಮೇಲೆ ಅಷ್ಟು ಹೊಗೆ. ಅವರಿಗೆ ಏನು ಕಂಡೀತು?

"ಎದಿ ಗಟ್ಟಿ ಮಾಡಿ ಐದನೇ ಗೇರ್ ಹಾಕಿಸಿ ನಿಲ್ಲಿಸಿದ್ವಿ ಮಾವಾರ. ಮೊದಲು ಅತ್ತಿನ್ನ ಇಳಿಸಿಯೇ ಮುಂದಿನ ಕೆಲಸ."

ಕಲ್ಯಾಣಿ ನನ್ನ ತಾಟಿಗೆ ಇನ್ನೊಂದು ಸೌಟು ಪಲ್ಯ ಬಡಿಸಿದಳು. ನಾನು ಬದುಕಿದೆ ಅಂದುಕೊಂಡೆ. ಆಗಲೇ ಫೋನ್ ಬಂತು. ಮಿನಾಜಳ ಧ್ವನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

"ಯವ್ವಾ, ದೂರಂದು ಕಾಣಾಕತ್ತದೇನು?"

"ಭಾಳ ಚಲೋ ಕಾಣ್ತದ ನಮ್ಮವ್ವಾ, ನಿನ್ನ ಕೈ ಚಲೋ ಅದ. ನಮ್ಮ ಅಳ್ಯಾರು ನನ್ನ ಗಾಡ್ಯಾಗ ಬಿಟ್ಟು ಓಡಿದ್ರು ನೋಡು, ಬೇವಿನ ಗಿಡದ ತನಕಾನೂ ಕಂಡ್ರು. ಕೈಯಾಗಿನ ಚಾವಿ ಸುದ್ದಾ ಕಂಡಿತು."

"ಗಿಡ ಎಷ್ಟು ದೂರ ಇತ್ತು ಯವ್ವಾ? ಬರಕೋಬೇಕು."

"ತಡಿಯವ್ವಾ," ಎಂದು ಅತ್ತೆ ಫೋನನ್ನು ನನ್ನ ತಾಟಿನ ಪಕ್ಕಕ್ಕೆ ಹಿಡಿದರು. "ಓಡಿದವರು ಇಲ್ಲೇ ಕುಂತಾರ. ಅವರನ್ನ ಕೇಳು."